ಕಥೆ ಬರೆಯಬಲ್ಲವರಿಗೆ ಸುದ್ದಿ ಬರವಣಿಗೆಯ ತರಬೇತಿ ಏಕೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು, ವಯಸ್ಸು 27. ಕನ್ನಡ ಎಂ.ಎ. ಮುಗಿಸಿ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ನನ್ನ ಕೆಲವು ಕಥೆಗಳು ಪುರವಣಿಗಳಲ್ಲಿ ಪ್ರಕಟವಾಗಿವೆ. ಪತ್ರಕರ್ತೆಯಾಗಬೇಕೆಂಬ ಆಸೆಯಿಂದ ಸ್ಥಳೀಯ ದಿನಪತ್ರಿಕೆಯೊಂದಕ್ಕೆ ನಾಲ್ಕೈದು ವರದಿ ಕಳಿಸಿದೆ. ಒಂದು ಮಾತ್ರ ಅಚ್ಚಾಯಿತು, ಅದರಲ್ಲಿಯೂ ನನ್ನ ಒಂದು ವಾಕ್ಯವೂ ಉಳಿದಿರಲಿಲ್ಲ. ಕೇಳಿದರೆ ‘ಭಾಷೆ ಚೆನ್ನಾಗಿದೆ, ಸುದ್ದಿ ಇಲ್ಲ’ ಎಂದರು. ಆರು ತಿಂಗಳ ಆನ್‌ಲೈನ್ ‘ವೃತ್ತಿಪರ ಬರವಣಿಗೆ’ ಕೋರ್ಸ್ ನಡೆಸುವವರು ₹45,000 ಶುಲ್ಕ ಹೇಳಿ ಉದ್ಯೋಗ ಖಾತ್ರಿ ಎನ್ನುತ್ತಿದ್ದಾರೆ. ಪರಿಚಯದ ವರದಿಗಾರರೊಬ್ಬರು ‘ಇದೆಲ್ಲ ಫೀಲ್ಡ್‌ನಲ್ಲಿ ಕಲಿಯುವಂಥದ್ದು, ದುಡ್ಡು ಕಳೆಯಬೇಡಿ’ ಎನ್ನುತ್ತಾರೆ. ಇನ್ನು ಮುಂದೆ ಸುದ್ದಿಯನ್ನೆಲ್ಲ ಎಐ ಬರೆಯುತ್ತದೆ ಎಂಬುದು ನನ್ನ ಅಣ್ಣನ ವಾದ. ಬರೆಯಲು ಬರುವವರಿಗೂ ಬರವಣಿಗೆಯ ತರಬೇತಿ ಬೇಕೇ? ಬೇಕಾದರೆ ಎಂಥದ್ದು? ಪ್ರಕಟವಾಗದ ಒಂದು ವರದಿಯನ್ನು ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ನನಗೆ ನಿಜವಾಗಿಯೂ ಬರೆಯಲು ಬರುತ್ತದೆಯೇ ಎಂಬುದು ಒಂದು. ಹಣ ಮತ್ತು ಸಮಯ ಕೊಟ್ಟು ತರಬೇತಿ ಪಡೆದರೆ ಈ ವೃತ್ತಿಯಲ್ಲಿ ನೆಲೆ ಸಿಗುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಚಿಕ್ಕದು. ನಿಮಗೆ ಬರೆಯಲು ಬರುತ್ತದೆ. ಪ್ರತಿಗಳನ್ನು, ಅಂದರೆ ವರದಿಗಾರರು ಬರೆದು ಕಳಿಸಿದ ಬರಹಗಳನ್ನು, ತಿದ್ದುವುದರಲ್ಲೇ ವೃತ್ತಿಯ ಬಹುಪಾಲನ್ನು ಕಳೆದ ನನಗೆ ಅದು ನಿಮ್ಮ ವರದಿಯ ಮೊದಲ ಪ್ಯಾರಾದಲ್ಲೇ ಗೊತ್ತಾಯಿತು. ಆದರೆ ಆ ವರದಿ ಏಕೆ ಪ್ರಕಟವಾಗಲಿಲ್ಲ ಎಂಬುದೂ ಅದೇ ಪ್ಯಾರಾದಲ್ಲಿ ಗೊತ್ತಾಯಿತು. ಎರಡನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಅಲ್ಲಿಂದಲೇ ಆರಂಭಿಸಬೇಕು.

ನಿಮ್ಮ ವರದಿ ಹೀಗೆ ಆರಂಭವಾಗುತ್ತದೆ: ‘ಗ್ರಾಮೀಣ ಜನರ ಪಾಲಿಗೆ ಜೀವಜಲವೆಂಬುದು ಇಂದಿಗೂ ಮರೀಚಿಕೆಯೇ ಸರಿ. ಬಿರುಬಿಸಿಲಿನಲ್ಲಿ ಕೊಡ ಹೊತ್ತು ಸಾಗುವ ಹೆಣ್ಣುಮಕ್ಕಳ ಗೋಳು ಹೇಳತೀರದು. ಆದರೂ ಅಧಿಕಾರಿಗಳು ಕುಂಭಕರ್ಣ ನಿದ್ರೆಯಿಂದ ಎದ್ದಿಲ್ಲ.’ ಊರಿನ ಶುದ್ಧ ಕುಡಿಯುವ ನೀರಿನ ಘಟಕ ಮೂರು ತಿಂಗಳಿಂದ ನಿಂತುಹೋಗಿದೆ ಎಂಬ ಸಂಗತಿ ಐದನೆಯ ಪ್ಯಾರಾದಲ್ಲಿ, ಅದೂ ಒಂದು ಉಪವಾಕ್ಯದೊಳಗೆ ಬರುತ್ತದೆ. ಜನರು ಕ್ಯಾನ್ ಹಿಡಿದು ಬೈಕಿನಲ್ಲಿ ಪಕ್ಕದ ಊರಿಗೆ ಹೋಗುತ್ತಾರೆ ಎಂಬುದು ಕೊನೆಯ ಪ್ಯಾರಾದಲ್ಲಿದೆ. ಹಾಗಾದರೆ ಮೊದಲ ಪ್ಯಾರಾದಲ್ಲಿ ಕೊಡ ಹೊತ್ತು ಸಾಗಿದವರು ಯಾರು? ಅವರನ್ನು ನೀವು ಊರಿನಲ್ಲಿ ಕಂಡಿರಲಾರಿರಿ; ಓದಿದ ನೂರಾರು ವರದಿಗಳಿಂದ ಅವರು ನಿಮ್ಮ ಬರಹದೊಳಕ್ಕೆ ನಡೆದು ಬಂದಿದ್ದಾರೆ.

ಈ ಪ್ರತಿ ಸುದ್ದಿ ತಿದ್ದುವ ಡೆಸ್ಕ್‌ನಲ್ಲಿ ಕುಳಿತ ಉಪಸಂಪಾದಕರ ಕೈಗೆ ಬಂದಾಗ ಅವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಭಾಷೆಯವಲ್ಲ. ಘಟಕದಲ್ಲಿ ಕೆಟ್ಟಿರುವುದು ಏನು: ಮೋಟರೇ, ನೀರು ಸೋಸುವ ಮೆಂಬ್ರೇನೇ, ನಾಣ್ಯ ಹಾಕುವ ಪೆಟ್ಟಿಗೆಯೇ, ಅಥವಾ ಬಿಲ್ ಬಾಕಿಯಿಂದ ವಿದ್ಯುತ್ ಸಂಪರ್ಕವೇ ಕಡಿತವಾಗಿದೆಯೇ? ನಿರ್ವಹಣೆಯ ಹೊಣೆ ಗ್ರಾಮ ಪಂಚಾಯಿತಿಯದೋ, ಗುತ್ತಿಗೆ ಪಡೆದ ಏಜೆನ್ಸಿಯದೋ? ಆ ಘಟಕವನ್ನು ನೆಚ್ಚಿಕೊಂಡಿದ್ದ ಮನೆಗಳು ಎಷ್ಟು? ಬೈಕ್ ಇಲ್ಲದವರು ಈಗ ಯಾವ ನೀರು ಕುಡಿಯುತ್ತಿದ್ದಾರೆ, ಆ ಕೊಳವೆಬಾವಿಯ ನೀರಿನ ಪರೀಕ್ಷೆ ಆಗಿದೆಯೇ? ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಏನು ಹೇಳಿದರು? ಅವರನ್ನು ಕೇಳಿದ್ದೀರಾ? ಈ ವಿವರಗಳಲ್ಲಿ ಅರ್ಧ ಸಿಕ್ಕಿದ್ದರೂ ಮೊದಲ ಪ್ಯಾರಾ ಸರಿಸುಮಾರು ಹೀಗಿರಬಹುದಿತ್ತು: ‘ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕ ಮೂರು ತಿಂಗಳಿಂದ ಸ್ಥಗಿತಗೊಂಡಿದ್ದು, ನಿವಾಸಿಗಳು 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳಲು ಪಕ್ಕದ ಊರಿಗೆ ಹೋಗುತ್ತಿದ್ದಾರೆ. ಬಿಲ್ ಬಾಕಿಯಿರುವುದರಿಂದ ವಿದ್ಯುತ್ ಸಂಪರ್ಕ ಕಡಿತಗೊಳಿಸಲಾಗಿದೆ ಎಂದು ವಿದ್ಯುತ್ ಕಂಪನಿಯ ಶಾಖಾಧಿಕಾರಿ ಹೇಳಿದರೆ, ಬಿಲ್ ಕಟ್ಟಬೇಕಾದವರು ನಿರ್ವಹಣೆಯ ಗುತ್ತಿಗೆದಾರರು ಎಂದು ಪಿಡಿಒ ಹೇಳುತ್ತಾರೆ.’ ಬಿಲ್ಲಿನ ಸಂಗತಿ ನನ್ನ ಊಹೆ, ನಿಮ್ಮ ಊರಿನಲ್ಲಿ ಕಾರಣ ಬೇರೆಯೇ ಇರಬಹುದು. ಆದರೆ ಈ ಎರಡು ವಾಕ್ಯ ಬರೆಯಬೇಕಾದರೆ ಮೂವರನ್ನಾದರೂ ಮಾತನಾಡಿಸದೆ ಗತ್ಯಂತರವಿಲ್ಲ. ನಿಮ್ಮ ಮೂರು ವಾಕ್ಯಗಳನ್ನು ಮನೆಯಿಂದ ಹೊರಗೆ ಕಾಲಿಡದೆಯೂ ಬರೆಯಬಹುದು.

ವೃತ್ತಿಪರ ಬರವಣಿಗೆಯ ತರಬೇತಿಯಿಂದ ಪತ್ರಕರ್ತರಿಗೆ ಆಗುವ ಮೊದಲ ಉಪಕಾರ ಇದೇ. ಅದು ಭಾಷೆಯನ್ನು ಚೆಂದಗೊಳಿಸುತ್ತದೆ ಎಂದು ಹೊರಗಿನವರು ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಅದು ನಮ್ಮ ಬಳಿ ಏನಿಲ್ಲ ಎಂಬುದನ್ನು ನಮಗೇ ತೋರಿಸಿಕೊಡುತ್ತದೆ. ವಿಶೇಷಣ ಬಂದು ಕುಳಿತ ಜಾಗದಲ್ಲಿ ಬಹುತೇಕ ಒಂದು ವಿವರ ಕಾಣೆಯಾಗಿರುತ್ತದೆ. ‘ಎನ್ನಲಾಗಿದೆ’, ‘ತಿಳಿದುಬಂದಿದೆ’ ಎಂದು ಮುಗಿಯುವ ವಾಕ್ಯದ ಹಿಂದೆ, ಹೇಳಿದವರು ಯಾರೆಂದು ವರದಿಗಾರರಿಗೂ ಗೊತ್ತಿಲ್ಲದ ಸಂದರ್ಭಗಳೇ ಹೆಚ್ಚು. ತರಬೇತಾದ ಕಣ್ಣು ತನ್ನ ಪ್ರತಿಯಲ್ಲಿ ಇಂಥ ಜಾಗ ಕಂಡ ಕೂಡಲೇ ಫೋನ್ ಎತ್ತಿಕೊಳ್ಳುತ್ತದೆ. ಆದ್ದರಿಂದಲೇ ಬರವಣಿಗೆಯ ಪಾಠ ಮತ್ತು ವರದಿಗಾರಿಕೆಯ ಪಾಠ ಎಂದು ಎರಡನ್ನು ಬೇರೆ ಮಾಡುವ ಕೋರ್ಸುಗಳ ಬಗ್ಗೆ ನನಗೆ ಅಷ್ಟಾಗಿ ವಿಶ್ವಾಸವಿಲ್ಲ.

ಸಾಹಿತ್ಯ ಬಲ್ಲವರಿಗೆ ಪತ್ರಿಕೋದ್ಯಮ ತಾನಾಗಿ ಒಲಿಯುತ್ತದೆ ಎಂಬ ನಂಬಿಕೆ ಕನ್ನಡದಲ್ಲಿ ಬಲವಾಗಿರಲು ಕಾರಣವಿದೆ. ಡಿ.ವಿ.ಜಿ. ಪತ್ರಕರ್ತರೂ ಹೌದು, ಕವಿಯೂ ಹೌದು. ಇಂಗ್ಲಿಷ್ ಅಧ್ಯಾಪಕರೂ ಕಥೆಗಾರರೂ ಆಗಿದ್ದ ಪಿ. ಲಂಕೇಶ್ 1980ರಲ್ಲಿ ವಾರಪತ್ರಿಕೆ ಆರಂಭಿಸಿ ಓದುಗರ ಅಭಿರುಚಿಯನ್ನೇ ಬದಲಿಸಿದರು. ಯಾವ ಕೋರ್ಸ್ ಮಾಡಿ ಇವರು ಪತ್ರಕರ್ತರಾದರು ಎಂದು ಜನ ಕೇಳುತ್ತಾರೆ. ಆದರೆ ಇವರಿಬ್ಬರೂ ತಮ್ಮ ಪತ್ರಿಕೆಗೆ ತಾವೇ ಸಂಪಾದಕರಾಗಿ, ಅಭಿಪ್ರಾಯ ಮತ್ತು ವಿಶ್ಲೇಷಣೆಗೆ ದೊಡ್ಡ ಜಾಗ ಇಟ್ಟುಕೊಂಡು ಬರೆದವರು. ನೀವು ಸೇರಬಯಸುತ್ತಿರುವುದು ದಿನಪತ್ರಿಕೆಗೆ. ಅಲ್ಲಿ ಮೊದಲ ಕೆಲವು ವರ್ಷ ನಿಮ್ಮ ಕೈಗೆ ಬರುವುದು ತಾಲ್ಲೂಕು ಪಂಚಾಯಿತಿ ಸಭೆ, ಅಪಘಾತ, ಬೆಳೆಹಾನಿ, ಪೊಲೀಸ್ ಪ್ರಕಟಣೆ. ಹೊಸಬರನ್ನೇ ಕಟ್ಟಿಕೊಂಡು ಬೆಳೆಸಿದ ಪತ್ರಿಕೆಗಳ ಉದಾಹರಣೆಯೂ ನಮ್ಮಲ್ಲಿದೆ. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಲ್ಲಿ ಹೊರತಂದ ‘ಮುಂಗಾರು’ ಬಹುಕಾಲ ಬಾಳಲಿಲ್ಲ. ಆದರೆ ಅಲ್ಲಿ ಪಳಗಿದವರು ಮುಂದೆ ಬೇರೆ ಬೇರೆ ಪತ್ರಿಕೆಗಳಲ್ಲಿ ಹೆಸರು ಮಾಡಿದರು. ಅದನ್ನು ತರಬೇತಿಯಿಲ್ಲದೆ ಬೆಳೆದವರ ಕಥೆ ಎಂದು ಹೇಳುವುದನ್ನು ಕೇಳಿದ್ದೇನೆ. ನನ್ನ ಮಟ್ಟಿಗೆ ಅದು ತರಗತಿಯ ಕೋಣೆಯಿಲ್ಲದೆ ನಡೆದ ತರಬೇತಿ.

ನಿಮ್ಮ ಪರಿಚಯದ ವರದಿಗಾರರ ಮಾತಿಗೆ ಇಲ್ಲಿಯೇ ಬರುತ್ತೇನೆ. ಫೀಲ್ಡ್‌ನಲ್ಲಿ ಕಲಿಯಬೇಕು ಎಂಬುದು ಸುಳ್ಳಲ್ಲ, ಆದರೆ ಅದು ನಡೆಯುತ್ತಿದ್ದ ವ್ಯವಸ್ಥೆ ಈಗ ಬಹುಪಾಲು ಕಳಚಿಹೋಗಿದೆ. ಹಿಂದೆ ಸುದ್ದಿ ಸಂಪಾದಕರು ಪ್ರತಿಯನ್ನು ಕೆಂಪು ಶಾಯಿಯಲ್ಲಿ ತಿದ್ದಿ ಬರೆದವರ ಮುಂದೆಯೇ ಇಡುತ್ತಿದ್ದರು. ಬೈಯುತ್ತಿದ್ದರು, ಕೆಲವೊಮ್ಮೆ ಹರಿದೂ ಹಾಕುತ್ತಿದ್ದರು, ಆದರೆ ಏಕೆ ಎಂದು ಹೇಳುತ್ತಿದ್ದರು. ಇಂದು ತಾಲ್ಲೂಕಿನಿಂದ ಪ್ರತಿ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಜಿಲ್ಲಾ ಪುಟ ಕಟ್ಟುವ ಒಬ್ಬರೋ ಇಬ್ಬರೋ ಸಂಜೆಯ ಡೆಡ್‌ಲೈನ್‌ನೊಳಗೆ ಅದನ್ನು ಪೂರ್ತಿ ಬೇರೆಯಾಗಿ ಬರೆದು ಪುಟಕ್ಕೆ ಹಾಕುತ್ತಾರೆ. ನಿಮಗೆ ಆದದ್ದು ಅದೇ. ನಿಮ್ಮ ವಾಕ್ಯಗಳು ಹೋದವು, ಹೋದದ್ದೇಕೆಂದು ಯಾರೂ ಹೇಳಲಿಲ್ಲ. ಹೀಗೆ ಹತ್ತು ವರ್ಷ ವರದಿ ಕಳಿಸಿಯೂ ಮೊದಲ ದಿನದ ಇಂಟ್ರೊವನ್ನೇ (ಸುದ್ದಿಯ ಆರಂಭದ ಪ್ಯಾರಾ) ಬರೆಯುತ್ತಿರುವವರನ್ನು ನಾನು ಬಲ್ಲೆ. ಅದು ಅವರ ದಡ್ಡತನವಲ್ಲ, ಅವರ ಪ್ರತಿ ತಿದ್ದುಪಡಿಯೊಂದಿಗೆ ಅವರ ಕೈಗೆ ಒಮ್ಮೆಯೂ ಮರಳಿ ಬಂದಿಲ್ಲ.

ಕಥೆಗಾರರಿಗೆ ವಿಶೇಷವಾಗಿ ಹೇಳಬೇಕಾದ ಒಂದು ಅಪಾಯವಿದೆ. ಕಥೆಯಲ್ಲಿ ಸಣ್ಣ ವಿವರವೇ ಪಾತ್ರಕ್ಕೆ ಜೀವ ಕೊಡುತ್ತದೆ. ಸುದ್ದಿಯಲ್ಲಿ ಅದೇ ವಿವರ ಬರೆದವರನ್ನು ಜೈಲಿಗೂ ಕಳಿಸಬಹುದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಬಾಲಕಿಯ ಹೆಸರು ಬರೆಯಬಾರದು ಎಂಬುದು ಎಲ್ಲರಿಗೂ ಗೊತ್ತು. ಆದರೆ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರಿಗಷ್ಟೇ ನಿಲ್ಲುವುದಿಲ್ಲ. ವಿಳಾಸ, ಭಾವಚಿತ್ರ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಹೀಗೆ ಮಗುವಿನ ಗುರುತು ಬಯಲಾಗಬಹುದಾದ ಯಾವುದೇ ವಿವರಕ್ಕೂ ಅದು ಅನ್ವಯಿಸುತ್ತದೆ, ಮತ್ತು ಉಲ್ಲಂಘಿಸಿದವರಿಗೆ ಒಂದು ವರ್ಷದವರೆಗೆ ಸಜೆಗೆ ಅವಕಾಶವಿದೆ. ಊರಿನ ಹೆಸರು, ಬಾಲಕಿ ಓದುತ್ತಿದ್ದ ತರಗತಿ, ತಂದೆಯ ಅಂಗಡಿ: ಮೂರನ್ನೂ ಬರೆದು ಹೆಸರು ಮಾತ್ರ ಬಿಟ್ಟ ವರದಿಗಳು ನನ್ನ ಮೇಜಿಗೆ ಬಂದಿವೆ. ಬರೆದವರಿಗೆ ಕೆಟ್ಟ ಉದ್ದೇಶವಿರಲಿಲ್ಲ, ಓದುಗರ ಮನ ಕಲಕಬೇಕೆಂದಿದ್ದರು. ವಯಸ್ಕ ಸಂತ್ರಸ್ತರ ವಿಷಯದಲ್ಲಿಯೂ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಗುರುತು ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಇನ್ನು ಬಂಧಿತನೊಬ್ಬ ವಿಚಾರಣೆಗೆ ಮೊದಲೇ ಶೀರ್ಷಿಕೆಯಲ್ಲಿ ‘ಕೊಲೆಗಡುಕ’ನಾಗುವುದು, ವಶಕ್ಕೆ ಪಡೆದವರನ್ನು ಬಂಧಿತರೆಂದು ಬರೆಯುವುದು, ಜಾಮೀನು ಸಿಕ್ಕಿದ್ದನ್ನು ಖುಲಾಸೆಯೆಂದು ಬರೆಯುವುದು, ಇವೆಲ್ಲ ಮಾನನಷ್ಟ ಮೊಕದ್ದಮೆಯ ಬಾಗಿಲು ತೆರೆಯುವ ಬರವಣಿಗೆಯ ದೋಷಗಳು. ಬಹಳಷ್ಟು ಸಂಕ್ಷಿಪ್ತ ಕೋರ್ಸುಗಳ ಪಠ್ಯದಲ್ಲಿ ಈ ಭಾಗವೇ ಇರುವುದಿಲ್ಲ.

ಕನ್ನಡ ಪತ್ರಕರ್ತರಿಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಸಂಗತಿ ಅನುವಾದ. ರಾಜ್ಯ, ದೇಶ, ವಿದೇಶ ಪುಟಗಳ ದೊಡ್ಡ ಪಾಲು ಸುದ್ದಿಸಂಸ್ಥೆಗಳ ಇಂಗ್ಲಿಷ್ ಪ್ರತಿಯಿಂದಲೇ ಸಿದ್ಧವಾಗುತ್ತದೆ. ಪತ್ರಿಕೆಗಳ ಪ್ರವೇಶ ಪರೀಕ್ಷೆಯಲ್ಲಿ ಅನುವಾದ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಮತ್ತು ಕನ್ನಡ ಎಂ.ಎ. ಮಾಡಿದ ಎಷ್ಟೋ ಪ್ರತಿಭಾವಂತರು ಎಡವುವುದು ಅಲ್ಲಿಯೇ. ಹೈಕೋರ್ಟ್ ತಡೆಯಾಜ್ಞೆ ನೀಡಲು ನಿರಾಕರಿಸಿದರೆ ಅರ್ಜಿ ವಜಾ ಆಯಿತೆಂದು ಅರ್ಥವಲ್ಲ, ವಿಚಾರಣೆ ಮುಂದುವರಿದಿರುತ್ತದೆ. ಒಂದು ಬಿಲಿಯನ್ ಎಂದರೆ 100 ಕೋಟಿ, 2.5 ಬಿಲಿಯನ್ ಡಾಲರ್ ಎಂಬುದು ಅವಸರದಲ್ಲಿ ₹250 ಕೋಟಿ ಆದರೆ ಡಾಲರ್ ರೂಪಾಯಿಯಾಗಿ ಸುದ್ದಿಯೇ ಕೆಡುತ್ತದೆ. ಇಂಗ್ಲಿಷ್ ಲಿಪಿಯ ಮೂಲಕ ಮರಳಿ ಬಂದ ಶಿರಸಿ ‘ಸಿರ್ಸಿ’ಯಾಗಿ ಅಚ್ಚಾದರೆ ಆ ಊರಿನವರು ಪತ್ರಿಕೆಯನ್ನು ನಂಬುವುದಾದರೂ ಹೇಗೆ? ಎಐ ಕುರಿತ ನಿಮ್ಮ ಅಣ್ಣನ ಮಾತಿಗೂ ಇಲ್ಲಿಯೇ ಉತ್ತರವಿದೆ. ಯಂತ್ರಾನುವಾದದ ವ್ಯಾಕರಣ ಈಗ ಚೆನ್ನಾಗಿಯೇ ಇದೆ, ಪ್ರಕಟಣೆಯನ್ನು ಎರಡು ಪ್ಯಾರಾಕ್ಕೆ ಇಳಿಸುವ ಕೆಲಸವನ್ನೂ ಅದು ಮಾಡುತ್ತದೆ. ಆ ಒಂದೇ ಕೆಲಸಕ್ಕೆಂದು ಜನರನ್ನು ತೆಗೆದುಕೊಳ್ಳುವುದು ಕಡಿಮೆಯಾಗುತ್ತದೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ನಯವಾದ ವಾಕ್ಯದೊಳಗೆ ಅಡಗಿದ ತಪ್ಪು ಹೆಸರನ್ನು, ತಪ್ಪು ಸೊನ್ನೆಯನ್ನು, ಯಾರೂ ಆಡದ ಮಾತನ್ನು ಹಿಡಿಯುವವರು ಮೊದಲಿಗಿಂತ ಹೆಚ್ಚು ಬೇಕಾಗುತ್ತಾರೆ. ನಿಮ್ಮ ಊರಿನ ನೀರಿನ ಘಟಕಕ್ಕೆ ಹೋಗಿ ಬೀಗ ನೋಡಿ ಬರುವ ಕೆಲಸವಂತೂ ಅದರ ಕೈಯಲ್ಲಿಲ್ಲ.

ನಿಮ್ಮ ಮುಂದಿರುವ ದಾರಿಗಳಲ್ಲಿ ಎರಡು ವರ್ಷದ ಪತ್ರಿಕೋದ್ಯಮ ಎಂ.ಎ. ಒಂದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ಆರಂಭವಾದ ಪತ್ರಿಕೋದ್ಯಮ ಶಿಕ್ಷಣ ಇಂದು ರಾಜ್ಯದ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿದೆ. ನಿಮಗೆ ಹತ್ತಿರದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿದೆ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವಿದೆ; ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿಯೂ ಈ ವಿಭಾಗವಿದೆ. ಕೆಲಸ ಬಿಡಲಾಗದಿದ್ದರೆ ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣವನ್ನು ವಿಚಾರಿಸಬಹುದು. ಈ ದಾರಿಯಲ್ಲಿ ಮಾಧ್ಯಮ ಕಾನೂನಿನ ಪಾಠ ಸಿಗುತ್ತದೆ, ಇಂಟರ್ನ್‌ಶಿಪ್ ಸಿಗುತ್ತದೆ, ಮತ್ತು ಮುಂದೆ ಪತ್ರಿಕೋದ್ಯಮದ ಅಧ್ಯಾಪನಕ್ಕೆ ಬೇಕಾದ ಮೂಲ ಅರ್ಹತೆಯೂ ಬರುತ್ತದೆ. ಕೊರತೆಯೆಂದರೆ ಸಂವಹನ ಸಿದ್ಧಾಂತಗಳ ಭಾರ. ಸಿದ್ಧಾಂತಗಳನ್ನು ಪಟಪಟನೆ ಹೇಳಿ, ಪೊಲೀಸ್ ಪ್ರಕಟಣೆಯೊಂದನ್ನು 100 ಪದಗಳಿಗೆ ಇಳಿಸಲು ಒಂದು ಗಂಟೆ ತೆಗೆದುಕೊಂಡ ಪದವೀಧರರನ್ನು ನೋಡಿದ್ದೇನೆ. ವಿಭಾಗ ಪ್ರಯೋಗ ಪತ್ರಿಕೆಯನ್ನು (ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಹೊರತರುವ ಪತ್ರಿಕೆ) ನಿಯಮಿತವಾಗಿ ತರುತ್ತದೆಯೇ, ಅದನ್ನು ಬರೆಯುವವರು ವಿದ್ಯಾರ್ಥಿಗಳೇ ಎಂದು ಸೇರುವ ಮುನ್ನ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ.

ಪತ್ರಿಕೆಗೆ ನೇರವಾಗಿ ಸೇರುವುದು ಇನ್ನೊಂದು ದಾರಿ. ದೊಡ್ಡ ದೈನಿಕಗಳು ಪರೀಕ್ಷೆ ನಡೆಸಿ ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿ ಹುದ್ದೆ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ; ಕಲಿಕೆಯ ಜೊತೆಗೆ ಸಂಬಳವೂ ಇರುತ್ತದೆ. ಆದರೆ ತಾಲ್ಲೂಕು ಮಟ್ಟದಲ್ಲಿ ಅರೆಕಾಲಿಕ ವರದಿಗಾರರಾಗಿ ಎಂದು ಆಹ್ವಾನ ಬಂದರೆ ಎಚ್ಚರವಿರಲಿ. ಗೌರವಧನ ತೀರಾ ಕಡಿಮೆ, ಕೆಲವೆಡೆ ಅದೂ ಇಲ್ಲ. ಜಾಹೀರಾತು ತಂದರೆ ಕಮಿಷನ್ ಎಂಬ ಮಾತು ಮೊದಲ ದಿನವೇ ಬರಬಹುದು. ಯಾವ ಕಚೇರಿಯ ಮೇಲೆ ವರದಿ ಬರೆಯಬೇಕೋ ಅದೇ ಕಚೇರಿಗೆ ಹಬ್ಬದ ಶುಭಾಶಯದ ಜಾಹೀರಾತು ಕೇಳಲು ಹೋಗುವ ಸ್ಥಿತಿಯಲ್ಲಿ ಎಂಥ ತರಬೇತಿ ಪಡೆದವರ ವಾಕ್ಯವೂ ಬಗ್ಗುತ್ತದೆ. ನೇಮಕಾತಿ ಪತ್ರ ಕೊಡುತ್ತಾರೆಯೇ, ಜಾಹೀರಾತಿನ ಗುರಿ ಇದೆಯೇ ಎಂಬ ಎರಡನ್ನು ಬರಹದಲ್ಲಿ ಕೇಳಿಕೊಳ್ಳಿ.

ಇನ್ನು ನಿಮ್ಮ ₹45,000ರ ಕೋರ್ಸ್. ಎಲ್ಲ ಖಾಸಗಿ ಕೋರ್ಸುಗಳೂ ಮೋಸವಲ್ಲ. ಹಳೆಯ ಸಂಪಾದಕರು ಸಣ್ಣ ಗುಂಪಿಗೆ ನಡೆಸುವ ಕೆಲವು ತರಗತಿಗಳು ವಿಶ್ವವಿದ್ಯಾಲಯಕ್ಕಿಂತ ಹೆಚ್ಚು ಕಲಿಸಿದ್ದೂ ಉಂಟು. ಆದರೆ ಉದ್ಯೋಗ ಖಾತ್ರಿ ಎಂಬ ಮಾತು ಕೇಳಿದರೆ ನಾನು ಹಿಂದೆ ಸರಿಯುತ್ತೇನೆ. ಸುದ್ದಿಮನೆಗಳು ಪ್ರಮಾಣಪತ್ರ ನೋಡಿ ಕೆಲಸ ಕೊಡುವುದಿಲ್ಲ, ಪರೀಕ್ಷೆಯ ಪ್ರತಿ ಮತ್ತು ಪ್ರಕಟಿತ ವರದಿ ನೋಡುತ್ತವೆ. ಬೇರೆಯವರ ಸುದ್ದಿಮನೆಯಲ್ಲಿ ಕೆಲಸ ಕೊಡಿಸುವ ಖಾತ್ರಿಯನ್ನು ಕೋರ್ಸ್ ನಡೆಸುವವರು ಕೊಡಲಾರರು. ‘ವೃತ್ತಿಪರ ಬರವಣಿಗೆ’ ಎಂಬ ಹೆಸರಿನಡಿ ಅವರು ಕಲಿಸುವುದು ಜಾಹೀರಾತು ಬರಹ, ಸೋಷಿಯಲ್ ಮೀಡಿಯಾ ಪೋಸ್ಟ್, ಕಂಪನಿಗಳ ಬ್ಲಾಗ್ ಆಗಿರುವ ಸಾಧ್ಯತೆಯೂ ಇದೆ. ಅದು ಗೌರವದ ಕೆಲಸವೇ, ಸುದ್ದಿಮನೆಗಿಂತ ಹೆಚ್ಚು ಸಂಬಳವೂ ಸಿಗಬಹುದು, ಆದರೆ ನೀವು ಕೇಳುತ್ತಿರುವುದು ಅದನ್ನಲ್ಲ. ಕರ್ನಾಟಕ ಮಾಧ್ಯಮ ಅಕಾಡೆಮಿ ನಡೆಸುವ ಕಾರ್ಯಾಗಾರಗಳ ಮೇಲೂ ಒಂದು ಕಣ್ಣಿರಲಿ. ಅಲ್ಲಿ ಸಿಗುವುದು ಅಲ್ಪಾವಧಿಯ ಪಾಠವಾದರೂ ಕೆಲಸದಲ್ಲಿರುವ ಪತ್ರಕರ್ತರ ಪರಿಚಯವಾಗುತ್ತದೆ.

ಯಾವ ದಾರಿ ಹಿಡಿದರೂ ಈಗಿನಿಂದಲೇ ಮಾಡಬಹುದಾದ ಅಭ್ಯಾಸವೊಂದಿದೆ, ಇದಕ್ಕೆ ಶುಲ್ಕವಿಲ್ಲ. ಒಂದೇ ಘಟನೆಯನ್ನು ಮೂರು ಪತ್ರಿಕೆಗಳಲ್ಲಿ ಓದಿ, ಪ್ರತಿ ವಾಕ್ಯದ ಪಕ್ಕದಲ್ಲಿ ಈ ಮಾಹಿತಿ ಯಾರಿಂದ ಬಂತು ಎಂದು ಬರೆಯಿರಿ. ಉತ್ತರ ಸಿಗದ ವಾಕ್ಯಗಳು ಎಷ್ಟೆಂದು ನಿಮಗೇ ಆಶ್ಚರ್ಯವಾಗುತ್ತದೆ. ನಿಮ್ಮ ಊರಿನ ಗ್ರಾಮಸಭೆಗೆ ಹೋಗಿ ಕುಳಿತು, ಅದೇ ಸಂಜೆ 200 ಪದಗಳಲ್ಲಿ ಬರೆಯಿರಿ. ಮಾಹಿತಿ ಹಕ್ಕು ಅರ್ಜಿ ಹಾಕುವುದೂ ಒಳ್ಳೆಯ ಬರವಣಿಗೆಯ ಪಾಠ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು, ಶುಲ್ಕ ₹10. ‘ನೀರಿನ ಸಮಸ್ಯೆಯ ಬಗ್ಗೆ ಮಾಹಿತಿ ಕೊಡಿ’ ಎಂದು ಬರೆದರೆ ಕೈಗೆ ಏನೂ ಸಿಗುವುದಿಲ್ಲ. ಘಟಕದ ನಿರ್ವಹಣಾ ಒಪ್ಪಂದದ ಪ್ರತಿ, ಕಳೆದ 12 ತಿಂಗಳ ವಿದ್ಯುತ್ ಬಿಲ್ ಪಾವತಿಯ ವಿವರ, ದುರಸ್ತಿ ಕೋರಿ ಬಂದ ದೂರುಗಳ ಪ್ರತಿ ಎಂದು ಕೇಳಿದರೆ 30 ದಿನಗಳಲ್ಲಿ ಉತ್ತರಿಸಬೇಕಾದ ಹೊಣೆ ಅಧಿಕಾರಿಯದು. ಖಚಿತವಾಗಿ ಕೇಳಲು ಕಲಿತವರ ವರದಿಯೂ ತಾನಾಗಿ ಖಚಿತವಾಗುತ್ತದೆ.

ತರಬೇತಿಯಿಂದ ನಿಮ್ಮ ಶೈಲಿ ಸತ್ತುಹೋಗುತ್ತದೆ ಎಂಬ ಭಯ ನೇರವಾಗಿ ನಿಮ್ಮ ಪತ್ರದಲ್ಲಿಲ್ಲ, ಆದರೂ ಕಥೆಗಾರರೆಲ್ಲರ ಮನಸ್ಸಿನಲ್ಲಿ ಅದಿರುತ್ತದೆ. ಮೊದಲ ವರ್ಷ ಹಾಗೆ ಅನ್ನಿಸುವುದು ನಿಜ. ಆಮೇಲೆ ವಿಶೇಷ ವರದಿ, ನುಡಿಚಿತ್ರ, ವ್ಯಕ್ತಿಚಿತ್ರ ಬರೆಯುವ ಅವಕಾಶ ಬಂದಾಗ ಕಥೆಗಾರರ ಕಿವಿ ಮತ್ತು ಕಣ್ಣು ಮತ್ತೆ ಕೆಲಸಕ್ಕೆ ಬರುತ್ತವೆ, ಈ ಬಾರಿ ಟಿಪ್ಪಣಿ ಪುಸ್ತಕದ ಬೆಂಬಲದೊಂದಿಗೆ.

ನಿಮ್ಮ ಸ್ಥಿತಿಯಲ್ಲಿ ನನ್ನ ಸಲಹೆ ಇಷ್ಟು. ಅತಿಥಿ ಉಪನ್ಯಾಸಕಿಯ ಕೆಲಸವನ್ನು ಸದ್ಯಕ್ಕೆ ಬಿಡಬೇಡಿ. ನಿಮ್ಮ ವರದಿಯನ್ನು ತಿದ್ದಿ ಪ್ರಕಟಿಸಿದ ಆ ಉಪಸಂಪಾದಕರನ್ನು, ಪುಟದ ಒತ್ತಡವಿಲ್ಲದ ಬೆಳಗಿನ ಹೊತ್ತಿನಲ್ಲಿ ಭೇಟಿಯಾಗಿ, ನಿಮ್ಮ ಪ್ರತಿ ಮತ್ತು ಅಚ್ಚಾದ ಸುದ್ದಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಪ್ರತಿ ಬದಲಾವಣೆಗೂ ಕಾರಣ ಕೇಳಿ. ಹೆಚ್ಚಿನವರು ಸಂತೋಷದಿಂದ ಹೇಳುತ್ತಾರೆ. ಅವರನ್ನು ಯಾರೂ ಕೇಳುವುದೇ ಇಲ್ಲ. ರಜಾದಿನಗಳಲ್ಲಿ ಡೆಸ್ಕ್‌ನಲ್ಲಿ ಕುಳಿತು ಕೆಲಸ ನೋಡಲು ಅವಕಾಶ ಕೊಟ್ಟರೆ ಬಿಡಬೇಡಿ. ಆರು ತಿಂಗಳು ಹೀಗೆ ಮಾಡಿದ ಮೇಲೂ ಆಸೆ ಉಳಿದಿದ್ದರೆ ಪ್ರಶಿಕ್ಷಣಾರ್ಥಿ ಪರೀಕ್ಷೆಗೆ ಅನುವಾದ ಸಹಿತ ಸಿದ್ಧರಾಗಿ; ಅದು ಕೈಗೂಡದಿದ್ದರೆ ಎಂ.ಎ. ಕಡೆ ನೋಡಿ, 27 ಅದಕ್ಕೆ ತಡವಾದ ವಯಸ್ಸೇನಲ್ಲ. ಆನ್‌ಲೈನ್ ಕೋರ್ಸಿನವರು ಮತ್ತೆ ಫೋನ್ ಮಾಡಿದರೆ ಒಂದು ತಂಡದಲ್ಲಿ ಎಷ್ಟು ಜನ, ವಾರಕ್ಕೆ ನನ್ನ ಎಷ್ಟು ಪ್ರತಿಗಳನ್ನು ತಿದ್ದುತ್ತೀರಿ, ತಿದ್ದುವವರು ಯಾವ ಪತ್ರಿಕೆಯಲ್ಲಿ ಯಾವ ಕೆಲಸ ಮಾಡಿದವರು ಎಂದು ಕೇಳಿ, ಹಿಂದಿನ ತಂಡದ ಯಾರದಾದರೂ ಒಂದು ಪ್ರತಿಯನ್ನು ಹೆಸರು ಅಳಿಸಿ ತಿದ್ದುಪಡಿ ಸಹಿತ ಕಳಿಸಲು ಹೇಳಿ. ಅದು ಬರುವವರೆಗೆ ಹಣ ಕಟ್ಟಬೇಡಿ.